ಧ್ವಜ ಸುಡುವುದು ಅಭಿವ್ಯಕ್ತಿಯೋ, ಅಪರಾಧವೋ?

ಪ್ರಶ್ನೆ: ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ‘ರಾಷ್ಟ್ರಧ್ವಜ ಸುಡುವುದು ವಾಕ್ ಸ್ವಾತಂತ್ರ್ಯವೇ?’ ಎಂಬ ವಿಷಯ ಇಟ್ಟಿದ್ದೆವು. ಅಮೆರಿಕದಲ್ಲಿ ಅದು ಅಪರಾಧವಲ್ಲ, ಅವರ ತರ್ಕವನ್ನು ನಾವೂ ಪರಿಶೀಲಿಸಬೇಕು ಎಂದು ವಾದಿಸಿದ ವಿದ್ಯಾರ್ಥಿನಿಯನ್ನು ಕೆಲವರು ‘ದೇಶದ್ರೋಹಿ’ ಎಂದು ಕೂಗಿ ಕೂರಿಸಿಬಿಟ್ಟರು. ಆಕೆ ಹೇಳಿದ್ದು ನಿಜವೇ? ಹಾಗೆ ವಾದಿಸುವುದೂ ನಮ್ಮಲ್ಲಿ ಅಪರಾಧವೇ? (ಉಪನ್ಯಾಸಕರೊಬ್ಬರು, ಗದಗ)

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಆ ವಿದ್ಯಾರ್ಥಿನಿಗೆ ತುರ್ತಾಗಿ ಬೇಕಾದದ್ದು ಅದೇ. ಹಾಗೆ ವಾದಿಸುವುದು ಅಪರಾಧವಲ್ಲ. 1971ರ ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆಯ 2ನೆಯ ಕಲಂ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ಅಥವಾ ಸಾರ್ವಜನಿಕರ ಕಣ್ಣಿಗೆ ಬೀಳುವಂತೆ ರಾಷ್ಟ್ರಧ್ವಜವನ್ನಾಗಲಿ ಸಂವಿಧಾನವನ್ನಾಗಲಿ ಸುಡುವ, ವಿರೂಪಗೊಳಿಸುವ, ತುಳಿಯುವ ಅಥವಾ ಮಾತು, ಬರಹ, ಕೃತಿಗಳಿಂದ ತಿರಸ್ಕಾರಕ್ಕೆ ಗುರಿಮಾಡುವ ವ್ಯಕ್ತಿಗೆ ಮೂರು ವರ್ಷಗಳವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಆದರೆ ಅದೇ ಕಲಮಿನ ಕೆಳಗೆ ಒಂದು ವಿವರಣೆಯಿದೆ: ಸಂವಿಧಾನವನ್ನು ತಿದ್ದಿಸಬೇಕೆಂದೋ ಧ್ವಜವನ್ನು ಬದಲಾಯಿಸಬೇಕೆಂದೋ ಕಾನೂನುಬದ್ಧ ಮಾರ್ಗದಲ್ಲಿ ಮಾಡುವ ಟೀಕೆ, ಸರ್ಕಾರದ ಕ್ರಮಗಳ ಬಗೆಗಿನ ಅಸಮ್ಮತಿ, ಇವು ಅಪರಾಧವಾಗುವುದಿಲ್ಲ. ಧ್ವಜವನ್ನೇ ಟೀಕಿಸಲು ಅವಕಾಶ ಕೊಟ್ಟಿರುವ ಕಾನೂನು, ಆ ಕಾನೂನಿನ ಬಗ್ಗೆ ಚರ್ಚಿಸುವವರನ್ನು ಹಿಡಿದು ಶಿಕ್ಷಿಸುತ್ತದೆಂದು ಭಾವಿಸುವುದು ವಿಚಿತ್ರ. ಕೂಗಿದವರು ಈ ವಿವರಣೆಯನ್ನು ಓದಿರಲಿಕ್ಕಿಲ್ಲ. ಕಾಯ್ದೆ ಎರಡೇ ಪುಟದ್ದು. ಮುಂದಿನ ಸ್ಪರ್ಧೆಗೆ ಮೊದಲು ಅದರ ಪ್ರತಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಿಸಿರಿ.

ಇನ್ನು ಅಮೆರಿಕದ ಸಂಗತಿ. ಆಕೆ ಹೇಳಿದ್ದು ನಿಜ. 1984ರಲ್ಲಿ ಡಲ್ಲಾಸ್ ನಗರದಲ್ಲಿ ರಿಪಬ್ಲಿಕನ್ ಪಕ್ಷದ ಅಧಿವೇಶನ ನಡೆಯುತ್ತಿದ್ದಾಗ ಗ್ರೆಗರಿ ಲೀ ಜಾನ್ಸನ್ ಎಂಬ ಪ್ರತಿಭಟನಕಾರ ರಾಷ್ಟ್ರಧ್ವಜಕ್ಕೆ ಬೆಂಕಿ ಹಚ್ಚಿದ. ಟೆಕ್ಸಾಸ್ ರಾಜ್ಯದ ಕಾನೂನಿನಡಿ ಅವನಿಗೆ ಒಂದು ವರ್ಷ ಸೆರೆವಾಸ, ಎರಡು ಸಾವಿರ ಡಾಲರ್ ದಂಡ ಆಯಿತು. ಟೆಕ್ಸಾಸಿನದೇ ಮೇಲಿನ ಕೋರ್ಟೊಂದು ಆ ಶಿಕ್ಷೆಯನ್ನು ರದ್ದುಪಡಿಸಿತು, 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಐದು–ನಾಲ್ಕರ ಬಹುಮತದಿಂದ ಆ ರದ್ದತಿಯನ್ನು ಎತ್ತಿಹಿಡಿಯಿತು. ಆಗ ಐವತ್ತು ರಾಜ್ಯಗಳ ಪೈಕಿ ನಲವತ್ತೆಂಟರಲ್ಲಿ ಇಂಥ ಕಾನೂನುಗಳಿದ್ದವು. ಅವೆಲ್ಲ ಒಂದೇ ತೀರ್ಪಿನಿಂದ ನಿರುಪಯುಕ್ತವಾದವು. ಸಂಸತ್ತು ಸಿಟ್ಟಿನಿಂದ ಅದೇ ವರ್ಷ ಹೊಸ ಕಾಯ್ದೆ ತಂದಿತು, 1990ರಲ್ಲಿ ಕೋರ್ಟು ಅದನ್ನೂ ತಳ್ಳಿಹಾಕಿತು. ಸಂವಿಧಾನವನ್ನೇ ತಿದ್ದುವ ಯತ್ನ 2006ರಲ್ಲಿ ಸೆನೆಟ್‌ನಲ್ಲಿ ಒಂದೇ ಒಂದು ಮತದಿಂದ ಬಿದ್ದುಹೋಯಿತು. ಹಾಗಾಗಿ ಆ ದೇಶದವರೆಲ್ಲ ಧ್ವಜ ಸುಡುವುದನ್ನು ಒಪ್ಪಿಕೊಂಡಿದ್ದಾರೆಂದು ತಿಳಿಯಬಾರದು. ಬಹುಮತದೊಂದಿಗಿದ್ದ ನ್ಯಾಯಮೂರ್ತಿ ಸ್ಕಾಲಿಯಾ ಅವರು, ತಾವು ರಾಜರಾಗಿದ್ದರೆ ಧ್ವಜ ಸುಡುವವರನ್ನು ಜೈಲಿಗೆ ಕಳಿಸುತ್ತಿದ್ದುದಾಗಿಯೂ, ಆದರೆ ತಾವು ರಾಜರಲ್ಲವೆಂದೂ ಮುಂದೆ ಹಲವು ಸಲ ಹೇಳಿದ್ದರು.

ಆ ತೀರ್ಪಿನಲ್ಲಿ ನನಗೆ ಮುಖ್ಯವೆನಿಸುವ ಭಾಗ ಬೇರೆ. ಡಲ್ಲಾಸಿನಲ್ಲಿ ಧ್ವಜ ಸುಟ್ಟದ್ದನ್ನು ಕಂಡವರೊಬ್ಬರು ಅದರ ಅವಶೇಷಗಳನ್ನು ಆಯ್ದು ತಂದು ತಮ್ಮ ಮನೆಯ ಹಿತ್ತಲಲ್ಲಿ ಹೂತಿದ್ದರು. ತೀರ್ಪು ಬರೆದ ನ್ಯಾಯಮೂರ್ತಿ ಬ್ರೆನನ್ ಇದನ್ನು ಉಲ್ಲೇಖಿಸಿ, ಧ್ವಜ ಸುಡುವವನಿಗೆ ಸರಿಯಾದ ಉತ್ತರ ನಮ್ಮ ಧ್ವಜವನ್ನು ಎತ್ತಿ ಹಿಡಿದು ವಂದಿಸುವುದು, ಅಥವಾ ಈ ಮನುಷ್ಯ ಮಾಡಿದಂತೆ ಗೌರವದಿಂದ ಹೂಳುವುದು ಎಂಬ ಅರ್ಥದ ಮಾತು ಬರೆದರು. ಸಿಟ್ಟು ಬಂದವನು ಏನು ಮಾಡಬಹುದೆಂಬುದಕ್ಕೆ ಒಂದು ಉದಾಹರಣೆ ಅಲ್ಲಿಯೇ ಸಿಕ್ಕಿತ್ತು. ಅವನು ಯಾರನ್ನೂ ಬಡಿಯಲಿಲ್ಲ, ಯಾರ ಬಾಯನ್ನೂ ಮುಚ್ಚಿಸಲಿಲ್ಲ.

ನಮ್ಮಲ್ಲಿ ಈ ತರ್ಕ ಪೂರ್ತಿ ಪರಕೀಯವೇನಲ್ಲ. 2004ರ ನವೀನ್ ಜಿಂದಾಲ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು, ಘನತೆಯಿಂದ ಧ್ವಜ ಹಾರಿಸುವುದು 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೇ ಬರುತ್ತದೆಂದು ಹೇಳಿತು. ಹಾರಿಸುವುದು ಅಭಿವ್ಯಕ್ತಿಯಾದರೆ ಸುಡುವುದೂ ಒಂದು ಬಗೆಯ ಅಭಿವ್ಯಕ್ತಿಯೇ, ಅದು ನಮಗೆ ಎಷ್ಟೇ ಕಹಿಯಾಗಿರಲಿ. ಇದನ್ನು ನಿರಾಕರಿಸಿದರೆ ವಾದ ಕುಂಟುತ್ತದೆ. ವ್ಯತ್ಯಾಸವಿರುವುದು ಮುಂದಿನ ಹೆಜ್ಜೆಯಲ್ಲಿ. ನಮ್ಮ ಸಂವಿಧಾನದ 19(2)ನೆಯ ವಿಧಿ ಸಮಂಜಸ ನಿರ್ಬಂಧಗಳಿಗೆ ಎಡೆ ಕೊಟ್ಟಿದೆ, 51ಎ ವಿಧಿ ಧ್ವಜ ಮತ್ತು ರಾಷ್ಟ್ರಗೀತೆಯನ್ನು ಗೌರವಿಸುವುದನ್ನು ಮೂಲಭೂತ ಕರ್ತವ್ಯವೆಂದಿದೆ. ‘ರಾಷ್ಟ್ರೀಯ ಗೌರವ’ ಎಂಬ ಪದ ಮಾತ್ರ 19(2)ರ ಪಟ್ಟಿಯಲ್ಲಿಲ್ಲ; ಅಲ್ಲಿರುವುದು ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದವು. ಆದ್ದರಿಂದಲೇ ಕಾಯ್ದೆಯನ್ನು ಅದರ ಮಾತುಗಳಿಗೆ ಅಂಟಿಕೊಂಡು, ಬಿಗಿಯಾಗಿ ಓದಬೇಕೆಂಬುದು ನನ್ನ ಅಭಿಪ್ರಾಯ. ಅದನ್ನು ರದ್ದುಮಾಡಬೇಕೆಂದು ನಾನು ಹೇಳಲಾರೆ. ರಾಷ್ಟ್ರಧ್ವಜ ತಯಾರಿಸುವ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಚಕ್ರದ ಇಪ್ಪತ್ನಾಲ್ಕು ಅರೆಗಳು ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದಕ್ಕೊಂದು ಕೂಡುವಂತೆ ಅಚ್ಚು ಹಾಕುವ, ಬಣ್ಣವೋ ಹೊಲಿಗೆಯೋ ಅಳತೆ ತಪ್ಪಿದರೆ ಆ ಧ್ವಜವನ್ನೇ ಬದಿಗಿಡುವ ಕೆಲಸ ಕಂಡವರಿಗೆ, ಅದಕ್ಕೆ ಕಡ್ಡಿ ಗೀರುವುದನ್ನು ಕೇವಲ ಬಟ್ಟೆ ಸುಟ್ಟ ವಿಷಯವೆಂದು ನೋಡಲು ಸಾಧ್ಯವಾಗುವುದಿಲ್ಲ. ಆದರೆ ಆ ಗೌರವದ ಹೆಸರಿನಲ್ಲಿ ಸರ್ಕಾರವನ್ನು ಟೀಕಿಸುವವರನ್ನು ಧ್ವಜದ ವೈರಿಗಳೆಂದು ಕರೆಯುವವರಿಗೆ ಈ ಕಾಯ್ದೆಯಲ್ಲಿ ಆಸರೆಯಿಲ್ಲ.

ಬೆಂಕಿ ಹಚ್ಚಿ ಮಾತಾಡುವುದು ನಮಗೇನು ಹೊಸದೇ? 1921ರಲ್ಲಿ ಗಾಂಧೀಜಿ ವಿದೇಶಿ ಬಟ್ಟೆಗಳನ್ನು ಸುಡಿಸಿದರು, ಮೈಮುಚ್ಚಲು ಬಟ್ಟೆಯಿಲ್ಲದ ಜನರಿರುವ ದೇಶದಲ್ಲಿ ಇದು ಸಲ್ಲದೆಂದು ಟಾಗೋರರು ಆಕ್ಷೇಪಿಸಿದರು. ಇಬ್ಬರೂ ಒಬ್ಬರನ್ನೊಬ್ಬರು ದ್ರೋಹಿ ಎನ್ನಲಿಲ್ಲ. ಹುಬ್ಬಳ್ಳಿಯ ಚೆನ್ನಮ್ಮ ವೃತ್ತದಲ್ಲಿ ಹುಲ್ಲು ತುಂಬಿದ ಹಳೆಯ ಅಂಗಿ–ಪ್ಯಾಂಟಿಗೆ ಯಾರದೋ ಭಾವಚಿತ್ರ ಅಂಟಿಸಿ, ಪೊಲೀಸರು ಕಸಿದುಕೊಳ್ಳುವುದರೊಳಗೆ ಕಡ್ಡಿ ಗೀರುವ ಪ್ರತಿಕೃತಿ ದಹನವನ್ನು ಎಲ್ಲ ಪಕ್ಷದವರೂ ಮಾಡಿದ್ದಾರೆ. ಇನ್ನು, 1923ರಲ್ಲಿ ನಾಗಪುರದಲ್ಲಿ ಧ್ವಜ ಹಿಡಿದು ಮೆರವಣಿಗೆ ಹೊರಟದ್ದೇ ಅಪರಾಧವಾಗಿತ್ತು, ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ಆ ಸತ್ಯಾಗ್ರಹದಲ್ಲಿ ಜೈಲು ಕಂಡವರು. ಧ್ವಜ ಹಾರಿಸುವುದೂ ಎಲ್ಲ ಕಾಲಕ್ಕೂ ನಿರುಪದ್ರವಿಯಲ್ಲ: 1994ರ ಆಗಸ್ಟ್ 15ರಂದು ಹುಬ್ಬಳ್ಳಿಯ ಈದ್ಗಾ ಮೈದಾನದ ವಿವಾದದಲ್ಲಿ ಗೋಲಿಬಾರ್ ಆಗಿ ಜೀವಗಳು ಹೋದವು. ಯಾರು, ಎಲ್ಲಿ, ಯಾವ ಉದ್ದೇಶದಿಂದ ಎಂಬುದನ್ನು ಬಿಟ್ಟು ಧ್ವಜದೊಂದಿಗಿನ ಯಾವ ಕೃತಿಯನ್ನೂ ತೂಗಲು ಬರುವುದಿಲ್ಲ.

ಪ್ರಶ್ನೆ: ನಮ್ಮ ಶಾಲೆಯ ಹಳೆಯ ಧ್ವಜ ಹರಿದು ಮಾಸಿದೆ. ಅದನ್ನು ಸುಡಬೇಕೆಂದು ಒಬ್ಬರು, ಸುಟ್ಟರೆ ಕೇಸಾಗುತ್ತದೆಂದು ಇನ್ನೊಬ್ಬರು ಹೇಳುತ್ತಾರೆ. (ಮುಖ್ಯೋಪಾಧ್ಯಾಯರು, ಹಾವೇರಿ ಜಿಲ್ಲೆ)

ಉತ್ತರ: ಮೊದಲನೆಯವರು ಹೇಳಿದ್ದು ಸರಿ. 2002ರ ಭಾರತದ ಧ್ವಜ ಸಂಹಿತೆಯೇ, ಬಳಸಲಾಗದ ಧ್ವಜವನ್ನು ಇಡಿಯಾಗಿ, ಖಾಸಗಿಯಾಗಿ, ಸಾಧ್ಯವಾದರೆ ಸುಟ್ಟು, ಇಲ್ಲವೇ ಅದರ ಘನತೆಗೆ ಒಪ್ಪುವ ಬೇರೆ ರೀತಿಯಲ್ಲಿ ವಿಲೇವಾರಿ ಮಾಡಬೇಕೆನ್ನುತ್ತದೆ. ಕೆಲಸ ಜನರ ಕಣ್ಣೆದುರು ನಡೆಯಬಾರದು. ಮೊಬೈಲಿನಲ್ಲಿ ವಿಡಿಯೋ ಮಾಡಿ ಗ್ರೂಪಿಗೆ ಹಾಕುವ ಉತ್ಸಾಹವನ್ನು ದಯವಿಟ್ಟು ತಡೆಯಿರಿ. ಮಕ್ಕಳ ಕೈಯಲ್ಲಿನ ಕಾಗದದ ಧ್ವಜಗಳನ್ನೂ ಕಾರ್ಯಕ್ರಮ ಮುಗಿದ ಮೇಲೆ ನೆಲಕ್ಕೆ ಬಿಡದೆ ಕೂಡಿಸಿ ಹೀಗೆಯೇ ಮಾಡಬೇಕು. ಆಗಸ್ಟ್ 16ರ ಬೆಳಿಗ್ಗೆ ಚರಂಡಿಯಲ್ಲಿ ಬಿದ್ದಿರುವ ಧ್ವಜಗಳ ಸಂಖ್ಯೆ, ಯಾವ ಪ್ರತಿಭಟನಕಾರನೂ ಸುಟ್ಟದ್ದಕ್ಕಿಂತ ಹೆಚ್ಚೆಂಬುದು ನನ್ನ ಅನುಮಾನ.

ಪ್ರಶ್ನೆ: 2021ರ ಡಿಸೆಂಬರ್‌ನಲ್ಲಿ ಕೊಲ್ಹಾಪುರದಲ್ಲಿ ಕನ್ನಡ ಧ್ವಜ ಸುಟ್ಟಾಗ ಈ ಕಾಯ್ದೆಯಡಿ ಏಕೆ ಶಿಕ್ಷಿಸಲಿಲ್ಲ? (ಓದುಗರು, ರಾಣೆಬೆನ್ನೂರು)

ಉತ್ತರ: ಆ ಕಾಯ್ದೆ ರಕ್ಷಿಸುವುದು ರಾಷ್ಟ್ರಧ್ವಜ, ಸಂವಿಧಾನ ಮತ್ತು ರಾಷ್ಟ್ರಗೀತೆಯನ್ನು. ಮ. ರಾಮಮೂರ್ತಿಯವರು ರೂಪಿಸಿದ ಅರಿಶಿನ–ಕುಂಕುಮ ಬಣ್ಣದ ಧ್ವಜಕ್ಕೆ ಜನರ ಮನ್ನಣೆ ಇದೆ, ಕಾನೂನಿನ ಸ್ಥಾನವಿಲ್ಲ. ರಾಜ್ಯ ಸರ್ಕಾರ 2018ರ ಮಾರ್ಚ್‌ನಲ್ಲಿ ನಡುವೆ ಬಿಳಿ ಪಟ್ಟಿ, ಗಂಡಭೇರುಂಡ ಇರುವ ವಿನ್ಯಾಸ ಒಪ್ಪಿ ಕೇಂದ್ರಕ್ಕೆ ಕಳಿಸಿತು. ಭಾಷಿಕ ಗುಂಪುಗಳ ನಡುವೆ ವೈರ ಹುಟ್ಟಿಸುವ ಉದ್ದೇಶವಿದ್ದರೆ ಅದಕ್ಕೆ ಬೇರೆ ಕಲಂ ಇದೆ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 196ನೆಯದು. ದೂರು ಕೊಡುವವರು ಬಟ್ಟೆ ಸುಟ್ಟದ್ದನ್ನಷ್ಟೇ ಅಲ್ಲ, ಆಗ ಆಡಿದ ಮಾತುಗಳನ್ನೂ ಬರೆದು ಕೊಡಬೇಕು.