ಗಾಂಜಾ ಕಾನೂನುಬದ್ಧ ಮಾಡಬೇಕು ಅಂತ ಚರ್ಚೆಯಲ್ಲಿ ವಾದಿಸಬೇಕು. ತೆರಿಗೆ, ಔಷಧ, ಶಿವ: ಯಾವುದನ್ನು ಹಿಡಿಯಲಿ?

ಮೂರನ್ನೂ ಒಟ್ಟಿಗೆ ಹಿಡಿದು ಮುಗ್ಗರಿಸಿದವನು ನಾನು. "ಅಮೆರಿಕದಲ್ಲಿ ಆಗಿದೆ, ನಮ್ಮ ದೇಶದಲ್ಲಿ ಯಾಕಾಗಲ್ಲ?" ಅಂತ ನೀವು ಬರೆದಿದ್ದೀರಲ್ಲ, ಹೆಚ್ಚು ಕಡಿಮೆ ಇದೇ ಸಾಲು ನಮ್ಮ ಮನವಿಪತ್ರದಲ್ಲೂ ಇತ್ತು.

ಆಗ ನಾನು ಲಾ ಕೊನೇ ವರ್ಷದಲ್ಲಿದ್ದೆ. 2018ರಲ್ಲಿ ಉತ್ತರಾಖಂಡ ಸರಕಾರ ಹೆಂಪ್ ಬೆಳೆಯಲು ಲೈಸೆನ್ಸ್ ಕೊಟ್ಟ ಸುದ್ದಿ ಓದಿ ತಲೆ ತಿರುಗಿತ್ತು. ಹೆಂಪ್ ಅಂದರೆ ಗಾಂಜಾ ಗಿಡದ ಜಾತಿಯೇ. ಆದರೆ ಅಮಲು ತರುವ ಟಿಎಚ್‌ಸಿ ಅಂಶ 0.3 ಶೇಕಡಾ ದಾಟಬಾರದು. ನಾರಿಗೆ, ಬೀಜಕ್ಕೆ ಬೆಳೆಯುವುದು. ಹಾವೇರಿ ಕಡೆಯ ನಮ್ಮ ಕಾಕಾ ವರ್ಷವೂ ಗೋವಿನಜೋಳ ಹಾಕಿ ರೇಟಿಗೆ ಕಾದು ಕೂರುವ ರೈತ. ಊರ ಸೊಸೈಟಿಯ ಡೈರೆಕ್ಟರ್ ಕೂಡ. ಅವರಿಗೆ ಹೇಳಿದೆ. ಕಾಕಾ ಒಂದೇ ಮಾತು ಅಂದರು: "ನಾರಿನ ವಿಷಯ ಅಷ್ಟ ಕೇಳೂಣು. ಉಳಿದದ್ದು ಬ್ಯಾಡ."

ನಾನು ಕೇಳಲಿಲ್ಲ. ಕಾನೂನು ಓದಿದವನು ನಾನು, ಅವರಿಗೇನು ಗೊತ್ತು ಅನ್ನೋ ಹಮ್ಮು. ನಾರು ಮಾತ್ರ ಕೇಳಿದರೆ ಸಣ್ಣ ಬೇಡಿಕೆಯಾಗುತ್ತದೆ, ದೊಡ್ಡದನ್ನೇ ಕೇಳೋಣ ಅಂತ ಹಟ ಹಿಡಿದೆ. ತಾಲ್ಲೂಕು ಕೇಂದ್ರದಲ್ಲಿ ಒಂದು ಹಾಲ್ ಬುಕ್ ಮಾಡಿದೆವು. ಪೋಸ್ಟರ್ ನಾನೇ ಮಾಡಿಸಿದೆ. ನಡುವೆ ದೊಡ್ಡ ಹಸಿರು ಎಲೆ, ಮೇಲೆ "ಗಾಂಜಾ ನಿಷೇಧ ತೊಲಗಲಿ", ಕೆಳಗೆ ಸ್ವಾಗತ ಕೋರುವವರು ಅಂತ ಕಾಕಾನ ಫೋಟೋ. ಬಿಳಿ ಟೋಪಿ, ಹೆಗಲ ಮೇಲೆ ಹಸಿರು ಟವೆಲ್, ಎಲೆಯ ಪಕ್ಕದಲ್ಲೇ ನಗುತ್ತಿರುವ ಮುಖ.

ಸಭೆಗೆ ರೈತರು ಬಂದರು. ಸ್ತ್ರೀಶಕ್ತಿ ಸಂಘದ ಹೆಂಗಸರೂ ಬಂದರು. 2019ರ ಜನವರಿಯಲ್ಲಿ ಮದ್ಯ ನಿಷೇಧ ಮಾಡಿ ಅಂತ ಹಳ್ಳಿ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಹೋಗಿದ್ದರು. ಅದರ ಬಿಸಿ ಇನ್ನೂ ಆರಿರಲಿಲ್ಲ. ಅಂಥವರ ಮುಂದೆ ನಿಂತು ನಾನು ತೆರಿಗೆ ಲೆಕ್ಕ ಶುರು ಮಾಡಿದೆ. ಕೊಲರಾಡೊಗೆ ಇಷ್ಟು ಆದಾಯ, ಕೆನಡಾಗೆ ಇಷ್ಟು, ನಮಗೂ ಶಾಲೆ ಕಟ್ಟಬಹುದು, ರಸ್ತೆ ಮಾಡಬಹುದು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಕ್ಕ ಎದ್ದು ನಿಂತರು.

"ಸರಾಯಿ ಅಂಗಡಿ ಇದ್ದಾಗೂ ಸರಕಾರಕ್ಕ ತೆರಿಗಿ ಬರ್ತಿತ್ತಪ. ನಮ್ಮ ಮನ್ಯಾಗ ಏನ ಬಂತು?"

ಹಾಲ್ ತುಂಬಾ ಚಪ್ಪಾಳೆ. 2007ರಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತದ್ದು ಯಾಕೆ ಅಂತ ಆ ಸಭೆಯಲ್ಲಿ ನನಗೊಬ್ಬನಿಗೇ ಗೊತ್ತಿರಲಿಲ್ಲ ಅನ್ನಿಸಿತು. ನಾನು ತಡವರಿಸುತ್ತಾ ಶಿವನ ಕಡೆ ಹೊರಳಿದೆ. ಯಾದಗಿರಿ ಕಡೆಯ ಮಠ, ಗುಡಿಗಳಲ್ಲಿ ಗಾಂಜಾವನ್ನೇ ಪ್ರಸಾದ ಅಂತ ಕೊಡುವುದುಂಟು ಅಂದೆ. ಮುಂದಿನ ಸಾಲಿನ ಅಜ್ಜ ಒಬ್ಬರು ಸಿಟ್ಟಿಗೆದ್ದರು. "ದೇವರ ಹೆಸರು ಹೇಳಿ ಸೇದಾಕ ಬಂದೀರೇನು?" ಸಭೆ ಅಲ್ಲಿಗೆ ಮುಗಿಯಿತು. ಚಹಾ ಮಾತ್ರ ಎಲ್ಲರೂ ಕುಡಿದು ಹೋದರು.

ಮುಂದಿನ ವಾರ ಮನವಿಪತ್ರ ಹಿಡಿದು ಶಾಸಕರ ಮನೆಗೆ ಹೋದೆವು. ಶಾಸಕರು ಸಿಗಲಿಲ್ಲ, ಅವರ ಪಿಎ ಸಿಕ್ಕರು. ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು ನಮ್ಮ ಬೇಡಿಕೆಗಳ ಪಕ್ಕದಲ್ಲಿ ಒಂದೊಂದೇ ಪದ ಬರೆಯುತ್ತಾ ಹೋದರು. ಹೆಂಪ್ ಬೇಸಾಯಕ್ಕೆ ಅನುಮತಿ: "ರಾಜ್ಯ". ಸೇದುವವರಿಗೆ ಜೈಲು ಬೇಡ: "ಕೇಂದ್ರ". ಅಂಗಡಿಯಲ್ಲಿ ಮಾರಾಟ: "ಕೇಂದ್ರ", ಅದರ ಕೆಳಗೆ ಎರಡು ಗೆರೆ. ಆಮೇಲೆ ಕಾಗದ ಮಡಚಿ ನನಗೇ ವಾಪಸ್ ಕೊಟ್ಟರು. "ಮೊದಲನೇದು ಒಂದೇ ಇದ್ದಿದ್ದರೆ ಸಾಹೇಬ್ರು ಸದನದಲ್ಲಿ ಒಂದು ಪ್ರಶ್ನೆ ಆದರೂ ಕೇಳ್ತಿದ್ದರು. ಈಗ ಇದರ ಮೇಲೆ ಸೀಲ್ ಹಾಕಿಸಿಕೊಳ್ಳೋದೂ ಬೇಡ, ಹೋಗ್ರಿ."

ಆ ಪೆನ್ಸಿಲ್ ಗುರುತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಕೆಟ್ಟದ್ದು ಅಲ್ಲೇ, ನೀವು ಕೆಡಲು ಹೊರಟಿರುವುದೂ ಅಲ್ಲೇ.

ನಮ್ಮಲ್ಲಿ ಗಾಂಜಾ ನಿಷೇಧ ಬಂದದ್ದು 1985ರ ಎನ್‌ಡಿಪಿಎಸ್ ಅನ್ನುವ ಮಾದಕ ವಸ್ತು ಕಾಯ್ದೆಯಿಂದ. ಸಂಸತ್ತು ಮಾಡಿದ ಕಾನೂನು. ಅದರ ಸೆಕ್ಷನ್ 14ರಲ್ಲಿ ಒಂದು ಸಣ್ಣ ಕಿಂಡಿ ಇದೆ. ನಾರು, ಬೀಜ, ತೋಟಗಾರಿಕೆಗೆ ಮಾತ್ರ ಅನ್ನುವುದಾದರೆ ಸರಕಾರ ಒಂದು ಆದೇಶ ಹೊರಡಿಸಿ ಬೇಸಾಯಕ್ಕೆ ಬಿಡಬಹುದು. ರಾಜ್ಯ ಸರಕಾರಕ್ಕೂ ಈ ಅಧಿಕಾರ ಇದೆ. ಉತ್ತರಾಖಂಡ ನುಗ್ಗಿದ್ದು ಈ ಕಿಂಡಿಯಿಂದಲೇ. ಇಟ್ಟುಕೊಂಡರೆ ಎಷ್ಟು ಶಿಕ್ಷೆ, ಮಾರಿದರೆ ಎಷ್ಟು ಶಿಕ್ಷೆ ಅನ್ನುವುದನ್ನು ಮಾತ್ರ ವಿಧಾನಸಭೆ ಮುಟ್ಟುವ ಹಾಗಿಲ್ಲ. ಅದಕ್ಕೆ ದೆಹಲಿಗೇ ಹೋಗಬೇಕು. ಹಿಂದೆ 1961ರ ಅಂತರರಾಷ್ಟ್ರೀಯ ಒಪ್ಪಂದ ಬೇರೆ ಇದೆ. ಗಾಂಜಾ ಸೇವನೆ ನಿಲ್ಲಿಸಲು ಅದು ಭಾರತದಂಥ ದೇಶಗಳಿಗೆ 25 ವರ್ಷ ಟೈಮ್ ಕೊಟ್ಟಿತ್ತು. 1985ರ ಕಾಯ್ದೆಗೆ ಆ ಗಡುವೂ ಒಂದು ಕಾರಣ.

ಹೀಗೆ ಮೂರು ಬೇಡಿಕೆ, ಎರಡು ಬಾಗಿಲು. ನಾನು ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು, ಒಂದೇ ಬಾಗಿಲಿಗೆ ಒಯ್ದೆ. ಅದರಿಂದ ಆದದ್ದೇನು? ಒಪ್ಪಬಹುದಾಗಿದ್ದ ಬೇಡಿಕೆ ಒಪ್ಪಲಾಗದ ಬೇಡಿಕೆಗಳ ಜೊತೆ ಸತ್ತುಹೋಯಿತು. ನಾರು ಕೇಳಲು ಬಂದ ರೈತ ಹೊಗೆ ಕೇಳುವವನ ಹಾಗೆ ಕಂಡ. ಸೇದಿ ಸಿಕ್ಕಿಬಿದ್ದ ಹುಡುಗನ ಬಗ್ಗೆ ಕನಿಕರ ಇದ್ದವರೂ ಅಂಗಡಿ ಅಂದ ತಕ್ಷಣ ಹಿಂದೆ ಸರಿದರು. ದೊಡ್ಡದು ಕೇಳಿದರೆ ಸಣ್ಣದಾದರೂ ಸಿಗುತ್ತದೆ ಅನ್ನುವ ಲೆಕ್ಕ ಸಂಬಳದ ಮಾತಿಗೆ ಸರಿ, ಇದಕ್ಕಲ್ಲ. ಇಲ್ಲಿ ದೊಡ್ಡದನ್ನು ಕೇಳಿದವನ ಹೆಸರೇ ಕೆಡುತ್ತದೆ. ಆಮೇಲೆ ಅವನು ಸಣ್ಣದು ಕೇಳಿದರೂ ಯಾರೂ ನಂಬಲ್ಲ.

ಕೆಟ್ಟದ್ದು ನನ್ನ ಹೆಸರಲ್ಲ. ಸೊಸೈಟಿ ಎಲೆಕ್ಷನ್ ಬಂದಾಗ ಎದುರಾಳಿಗಳು ಆ ಪೋಸ್ಟರನ್ನೇ ಜೆರಾಕ್ಸ್ ಮಾಡಿ ಹಂಚಿದರು. ಬೇರೆ ಪ್ರಚಾರವೇ ಬೇಕಾಗಲಿಲ್ಲ. ಕಾಕಾ ಸೋತರು. "ಗಾಂಜಾ ಗೌಡ್ರು" ಅನ್ನುವ ಅಡ್ಡಹೆಸರು ಗಟ್ಟಿಯಾಯಿತು. ಬೀಡಿ ಕೂಡ ಸೇದದ ಮನುಷ್ಯ! ನನ್ನನ್ನು ಬೈಯಲಿಲ್ಲ. ಕಾಕಾನ ಹೆಂಡತಿ ಕಾಕೂ ಬೈದರು, ಇವತ್ತಿಗೂ ಬೈಯುತ್ತಾರೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನೀವು ಕೇಳಿದ ಮೂರೂ ಬೇಡ.

ತೆರಿಗೆ ವಾದ ಹೊಸದೇನಲ್ಲ. 1893–94ರಲ್ಲಿ ಬ್ರಿಟಿಷರು ನೇಮಿಸಿದ ಹೆಂಪ್ ಡ್ರಗ್ಸ್ ಆಯೋಗವೇ ಮಿತವಾಗಿ ಬಳಸಿದರೆ ದೊಡ್ಡ ಹಾನಿಯಿಲ್ಲ, ನಿಷೇಧ ಬೇಡ, ತೆರಿಗೆ ಮತ್ತು ಲೈಸೆನ್ಸ್ ಇರಲಿ ಅಂದಿತ್ತು. ವಾದ ಸುಳ್ಳು ಅಂತಲ್ಲ. ಹೆಂಡದ ದುಡ್ಡಿನ ಮೇಲೆ ಬಜೆಟ್ ನಿಲ್ಲಿಸುವ ರಾಜ್ಯದಲ್ಲಿ ಇನ್ನೊಂದು ಅಮಲಿನ ಆದಾಯ ತೋರಿಸಿದರೆ ಕೇಳುವವರಿಗೆ ಆಸೆಗಿಂತ ಭಯವೇ ಜಾಸ್ತಿ ಆಗುತ್ತದೆ ಅಂತ ಹೇಳುತ್ತಿದ್ದೇನೆ.

ಔಷಧದ ವಾದ ತೆರೆದ ಬಾಗಿಲನ್ನು ಬಡಿದ ಹಾಗೆ. ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಆಯುರ್ವೇದದವರು ವಿಜಯಾ ಹೆಸರಿನಲ್ಲಿ ಈ ಎಲೆಯನ್ನು ಬಳಸುತ್ತಲೇ ಇದ್ದಾರೆ. 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಆಯೋಗ ಗಾಂಜಾವನ್ನು ಅತಿ ಅಪಾಯಕಾರಿ ವಸ್ತುಗಳ ಪಟ್ಟಿಯಿಂದ ತೆಗೆಯಬೇಕೇ ಅಂತ ಮತಕ್ಕೆ ಹಾಕಿದಾಗ 27–25ರಲ್ಲಿ ಪಾಸಾಯಿತು. ಭಾರತವೂ ಪರವಾಗಿಯೇ ಮತ ಹಾಕಿತು. ನೀವು ಇದನ್ನೇ ಹಿಡಿದರೆ ಎದುರಿನವರು "ಆಯ್ತು, ಡಾಕ್ಟರ್ ಚೀಟಿ ಇದ್ದರೆ ಕೊಡೋಣ" ಅಂದುಬಿಡುತ್ತಾರೆ. ಆಮೇಲೆ ನಿಮ್ಮ ಹತ್ತಿರ ಹೇಳಲು ಏನಿರುತ್ತದೆ?

ಶಿವನ ವಾದವಂತೂ ಬೇಡವೇ ಬೇಡ. ಶಿವರಾತ್ರಿ, ಹೋಳಿ ಅಂತ ಹೊರಟರೆ ಕೊನೆಗೆ ತಲುಪುವುದು ಭಂಗಿಗೆ, ಅಂದರೆ ಅರೆದು ಕುಡಿಯುವ ಎಲೆಗೆ. ಭಂಗಿ ಎನ್‌ಡಿಪಿಎಸ್ ಅಡಿ ಬರುವುದೇ ಇಲ್ಲ. ಆ ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ಹೂವಿನ ತುದಿ, ಚರಸ್ ಅಂದರೆ ಅಂಟು. ಬರೀ ಎಲೆ, ಬೀಜ ಲೆಕ್ಕಕ್ಕಿಲ್ಲ. 2022ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಭಂಗಿ ಪ್ರಕರಣವೊಂದರಲ್ಲಿ ಜಾಮೀನು ಕೊಡುವಾಗ ಇದನ್ನು ಹೇಳಿದೆ. ನಿಮ್ಮ ಚರ್ಚೆಯ ಜಜ್‌ಗಳಲ್ಲಿ ಕಾನೂನು ಓದಿದವರು ಒಬ್ಬರಿದ್ದರೂ ನಿಮ್ಮ ಮಾತು ಅಲ್ಲಿಗೆ ಖಲಾಸ್.

ಅಮೆರಿಕದ ಉದಾಹರಣೆಯನ್ನಂತೂ ದಯವಿಟ್ಟು ಕೈಬಿಡಿ. ಅಲ್ಲಿ ದೇಶ ಕಾನೂನುಬದ್ಧ ಮಾಡಿಲ್ಲ, ರಾಜ್ಯಗಳು ಮಾಡಿವೆ. 2012ರಲ್ಲಿ ಕೊಲರಾಡೊ, ವಾಷಿಂಗ್ಟನ್ ರಾಜ್ಯಗಳ ಜನ ನೇರವಾಗಿ ಮತ ಹಾಕಿ ತಂದರು. ಕೇಂದ್ರದ ಕಾನೂನಿನಲ್ಲಿ ಅದು ಇವತ್ತಿಗೂ ನಿಯಂತ್ರಿತ ವಸ್ತುವೇ. ನಮ್ಮಲ್ಲಿ ಹಾಗೆ ಜನಮತ ಕೇಳುವ ಪದ್ಧತಿಯೇ ಇಲ್ಲ, ರಾಜ್ಯಕ್ಕೆ ಆ ಅಧಿಕಾರವೂ ಇಲ್ಲ. ಇಡೀ ದೇಶದ ಮಾದರಿ ಬೇಕೆಂದರೆ ಉರುಗ್ವೆ 2013, ಕೆನಡಾ 2018. ಕೆನಡಾದಲ್ಲಿ 2015ರ ಚುನಾವಣೆಯಲ್ಲಿ ಒಂದು ದೊಡ್ಡ ಪಕ್ಷ ಅದನ್ನು ಪ್ರಣಾಳಿಕೆಯಲ್ಲಿ ಬರೆದು, ಗೆದ್ದು, ಆಮೇಲೆ ಮಾಡಿತು. ನಮ್ಮ ದೊಡ್ಡ ಪಕ್ಷಗಳು ಆ ಧೈರ್ಯ ಮಾಡುತ್ತವಾ? 2020ರಲ್ಲಿ ಸಿನಿಮಾದವರ ಮೇಲೆ ಡ್ರಗ್ಸ್ ಕೇಸುಗಳಾದಾಗ ಟಿವಿಗಳು ಕುಣಿದದ್ದನ್ನು ನೋಡಿದ ಯಾವ ರಾಜಕಾರಣಿಯೂ ಮೊದಲು ಬಾಯಿ ಬಿಡಲ್ಲ. ಪಟಿಯಾಲದ ಸಂಸದರಾಗಿದ್ದ ಡಾ. ಧರ್ಮವೀರ ಗಾಂಧಿ ಖಾಸಗಿ ಮಸೂದೆಗೆ, ಅಂದರೆ ಸರಕಾರವಲ್ಲದೆ ಸದಸ್ಯರೊಬ್ಬರೇ ತರುವ ಮಸೂದೆಗೆ ಪ್ರಯತ್ನಪಟ್ಟಿದ್ದರು. ಆದರೆ ನಮ್ಮ ಸಂಸತ್ತಿನಲ್ಲಿ ಖಾಸಗಿ ಮಸೂದೆಯೊಂದು ಕಾನೂನಾದದ್ದು 1970ರಲ್ಲಿ, ಅದೇ ಕೊನೆ.

ಹಾಗಾದರೆ ಏನು ಹಿಡಿಯಬೇಕು? ಜೈಲನ್ನು ಹಿಡಿಯಿರಿ. ಏಮ್ಸ್‌ನವರ 2019ರ ಸಮೀಕ್ಷೆಯ ಪ್ರಕಾರ ಒಂದು ವರ್ಷದೊಳಗೆ ಗಾಂಜಾ, ಚರಸ್ ಬಳಸಿದವರು ಸುಮಾರು 1.3 ಕೋಟಿ. ಇಷ್ಟೂ ಜನ ಕಾಗದದ ಮೇಲೆ ಅಪರಾಧಿಗಳು. ಸೇದಿದ್ದಕ್ಕೆ ಆರು ತಿಂಗಳವರೆಗೆ ಜೈಲು. ಒಂದು ಕೇಜಿಗಿಂತ ಕಡಿಮೆ ಇಟ್ಟುಕೊಂಡರೆ ಅದು "ಸಣ್ಣ ಪ್ರಮಾಣ", ಒಂದು ವರ್ಷದವರೆಗೆ ಜೈಲು. 2014ರವರೆಗೆ ಇದಕ್ಕೂ ಆರೇ ತಿಂಗಳಿತ್ತು, ತಿದ್ದುಪಡಿ ತಂದು ಹೆಚ್ಚಿಸಿದರು. 20 ಕೇಜಿ ದಾಟಿದರೆ ಕನಿಷ್ಠ ಹತ್ತು ವರ್ಷ, ಜಾಮೀನು ಸಿಗುವುದೇ ಕಷ್ಟ.

ಈಗ ನಾನು ತಾಲ್ಲೂಕು ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ. ಇಂಥ ಕೇಸಿನ ಪಂಚನಾಮೆ ಹೇಗಿರುತ್ತದೆ ಗೊತ್ತಾ? "ಹಸಿ ಗಾಂಜಾ ಗಿಡಗಳು, ಒಟ್ಟು ತೂಕ ಇಷ್ಟು ಕೇಜಿ." ಗೋವಿನಜೋಳದ ನಡುವೆ ಬೆಳೆದ ಆಳೆತ್ತರದ ಗಿಡವನ್ನು ಬೇರುಸಮೇತ ಕಿತ್ತು, ಬೇರಿಗಂಟಿದ ಮಣ್ಣು, ದಂಟು, ಎಲೆ ಎಲ್ಲವನ್ನೂ ಚೀಲಕ್ಕೆ ತುಂಬಿ ತಕ್ಕಡಿಗೆ ಹಾಕುತ್ತಾರೆ. ಕಾಯ್ದೆ ಕೇಳುವುದು ಹೂವಿನ ತುದಿಯ ತೂಕ. ಅದನ್ನು ಬಿಡಿಸಿ ತೂಗಿದರೆ ಎಷ್ಟೋ ಕೇಸಿನಲ್ಲಿ 20ರ ಗೆರೆ ದಾಟುವುದೇ ಇಲ್ಲ. ಇದೇ ಕಾರಣಕ್ಕೆ ಹೈಕೋರ್ಟುಗಳು ಜಾಮೀನು ಕೊಟ್ಟ ಆದೇಶಗಳಿವೆ. ಹೈಕೋರ್ಟಿಗೆ ಹೋಗುವಷ್ಟು ದುಡ್ಡು ಇರಬೇಕು ಅಷ್ಟೆ. ಗಿಡ ಬೆಳೆಸಿದ್ದಕ್ಕೆ ಬೇರೆ ಶಿಕ್ಷೆ ಇದ್ದೇ ಇದೆ, ಅದನ್ನು ನಾನು ಇಲ್ಲ ಅನ್ನಲ್ಲ.

ಇದನ್ನು ಹೇಳಿ ನೋಡಿ. ಹಾಲ್‌ನಲ್ಲಿ ಕೂತ ತಾಯಂದಿರೂ ಕೇಳುತ್ತಾರೆ, ಯಾಕೆಂದರೆ ಅವರಿಗೆ ಮಗ ಸೇದುವುದೂ ಬೇಡ, ಜೈಲಿಗೆ ಹೋಗುವುದೂ ಬೇಡ. ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಸೆಕ್ಷನ್ 64ಎ ಈಗಾಗಲೇ ವಿನಾಯಿತಿ ಕೊಡುತ್ತದೆ. ಅದನ್ನೇ ಹಿಗ್ಗಿಸಿ ಅಂತ ಕೇಳಿ. ಅಂಗಡಿ ಬೇಡ, ದಂಡ ಇರಲಿ, ಜೈಲು ಬೇಡ. "ಇದು ಕಾನೂನುಬದ್ಧ ಮಾಡೋದಲ್ಲವಲ್ಲ, ನಾನು ಕೇಳಿದ್ದೇ ಬೇರೆ" ಅಂತ ನಿಮಗೆ ಅನ್ನಿಸಬಹುದು. ಹೌದು, ಬೇರೆಯೇ. ನಿಮಗೆ ಕೊಟ್ಟಿರುವ ವಿಷಯವೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ಮೊದಲ ನಿಮಿಷದಲ್ಲೇ ವೇದಿಕೆ ಮೇಲೆ ಹಾಗೆ ಹೇಳಿ, ನಿಮ್ಮ ಬೇಡಿಕೆ ಎಷ್ಟು ಅಂತ ಗೆರೆ ಎಳೆದುಬಿಡಿ.

ಎದುರು ಪಕ್ಷದವರು ಥಾಯ್ಲೆಂಡ್ ಎತ್ತುತ್ತಾರೆ, ಅದಕ್ಕೆ ತಯಾರಾಗಿರಿ. 2022ರಲ್ಲಿ ಅವರು ನಿಷೇಧಿತ ಪಟ್ಟಿಯಿಂದ ತೆಗೆದರು, ಮಾರಾಟಕ್ಕೆ ಸರಿಯಾದ ಕಾನೂನು ಮಾಡುವ ಮೊದಲೇ ಊರ ತುಂಬಾ ಅಂಗಡಿ ಎದ್ದವು, 2025ರಲ್ಲಿ ಮತ್ತೆ ಡಾಕ್ಟರ್ ಚೀಟಿ ಬೇಕು ಅಂದರು. ಆಗ ನೀವು 2024ರ ಜರ್ಮನಿಯನ್ನು ಮುಂದಿಡಿ. ವಯಸ್ಕರು 25 ಗ್ರಾಂ ಜೇಬಿನಲ್ಲಿ ಇಟ್ಟುಕೊಳ್ಳಬಹುದು, ಮನೆಯಲ್ಲಿ ಮೂರು ಗಿಡ ಬೆಳೆಸಬಹುದು, ಆದರೆ ಅಂಗಡಿ ಇಟ್ಟು ಮಾರುವ ಹಾಗಿಲ್ಲ. ಗಿಡದ ಮಾತು ಬಂದಾಗ ಯಾರಾದರೂ ಹೆಂಪ್ ಬಗ್ಗೆ ಕೇಳಿದರೆ "ಅದು ರಾಜ್ಯದ ಬಾಗಿಲು, ಹಿಮಾಚಲದ ವಿಧಾನಸಭೆ 2024ರಲ್ಲಿ ಅದನ್ನು ಬೇರೆಯಾಗಿಯೇ ಚರ್ಚಿಸಿದೆ, ನಾವೂ ಇನ್ನೊಂದು ದಿನ ಚರ್ಚಿಸೋಣ" ಅಂದು ಕೂತುಬಿಡಿ. ಪೋಸ್ಟರ್ ಮಾಡಿಸುವುದಿದ್ದರೆ ಎಲೆಯ ಚಿತ್ರ ಹಾಕಬೇಡಿ.