ಗಡಿಯ ಬೇಲಿ ಮತ್ತು ನಮ್ಮೂರಿನ ಗದ್ದೆ

ಅಕ್ರಮ ವಲಸೆ ಮತ್ತು ಗಡಿಗೋಡೆಗಳ ಬಗ್ಗೆ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಓದುಗರಿಂದ ಬಂದ ಪತ್ರಗಳಲ್ಲಿ ನಾಲ್ಕನ್ನು ಆಯ್ದು, ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ಏಳು ಸುತ್ತಿನ ಕೋಟೆಯ ಊರಿನವರಾದ ನಮಗೆ ಗೋಡೆಯ ಬೆಲೆ ಗೊತ್ತು. ಅಮೆರಿಕವು ಮೆಕ್ಸಿಕೊ ಗಡಿಯಲ್ಲಿ ಗೋಡೆ ಕಟ್ಟುತ್ತಿದೆ. ನಾವು ಬಾಂಗ್ಲಾದೇಶದ ಗಡಿಯುದ್ದಕ್ಕೂ ಗೋಡೆ ಎಬ್ಬಿಸಿ ಈ ಸಮಸ್ಯೆಯನ್ನು ಒಂದೇ ಸಲಕ್ಕೆ ಮುಗಿಸಬಾರದೇಕೆ?
– ಓದುಗರು, ಚಿತ್ರದುರ್ಗ

ಉತ್ತರ: ತನ್ನ ನೆಲದೊಳಗೆ ಯಾರು ಬರಬೇಕು, ಯಾರು ಬರಬಾರದು ಎಂದು ತೀರ್ಮಾನಿಸುವ ಹಕ್ಕು ಪ್ರತಿಯೊಂದು ದೇಶಕ್ಕೂ ಇದೆ. ಗಡಿ ಕಾಯುವುದೇ ಕ್ರೌರ್ಯ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಒಂದೇ ಸಲಕ್ಕೆ ಮುಗಿಸುವ ನಿಮ್ಮ ಆಸೆ ನೆಲದ ಮೇಲೆ ನಿಲ್ಲುವಂಥದ್ದಲ್ಲ.

ಬಾಂಗ್ಲಾದೇಶದೊಂದಿಗಿನ ನಮ್ಮ ಗಡಿ 4,096 ಕಿಲೋಮೀಟರಿಗೂ ತುಸು ಹೆಚ್ಚು ಉದ್ದವಿದೆ. ಅಲ್ಲಿ ಬೇಲಿ ಹಾಕುವ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 1986ರಲ್ಲಿ. ಈಗ 3,200 ಕಿಲೋಮೀಟರಿಗೂ ಹೆಚ್ಚು ಬೇಲಿ ನಿಂತಿದೆ. ಉಳಿದಿರುವ ಸುಮಾರು 860 ಕಿಲೋಮೀಟರಿನಲ್ಲಿ 175 ಕಿಲೋಮೀಟರಿನಷ್ಟು ಜಾಗದಲ್ಲಿ ಬೇಲಿ ಹಾಕಲು ಸಾಧ್ಯವೇ ಇಲ್ಲವೆಂದು ಸರಕಾರವೇ ಸಂಸತ್ತಿಗೆ ತಿಳಿಸಿದೆ. ಅಸ್ಸಾಮಿನ ಧುಬ್ರಿಯಲ್ಲಿ ಬ್ರಹ್ಮಪುತ್ರವು ಪ್ರತಿ ಮಳೆಗಾಲವೂ ಮರಳಿನ ದಿಬ್ಬಗಳನ್ನು ಕರಗಿಸಿ ಬೇರೆಡೆ ತಂದು ಗುಡ್ಡೆ ಹಾಕುತ್ತದೆ. ಈ ವರ್ಷ ನೆಟ್ಟ ಕಂಬ ಬರುವ ವರ್ಷ ಹೊಳೆಯ ನಡುವೆ ಇರುತ್ತದೆ. ಹೀಗಾಗಿಯೇ 2019ರಲ್ಲಿ ಅಲ್ಲಿನ 61 ಕಿಲೋಮೀಟರ್ ಗಡಿಗೆ ಕಂಬ ತಂತಿಗಳ ಬದಲು ಕ್ಯಾಮೆರಾ, ಸೆನ್ಸರ್‌ಗಳ ಕಾವಲು ಹಾಕಿದರು. ಇದರ ಜೊತೆಗೆ ಗಡಿರೇಖೆಯಿಂದ 150 ಗಜದೊಳಗೆ ರಕ್ಷಣಾ ಕಟ್ಟಡ ಕಟ್ಟಬಾರದೆಂಬ 1975ರ ಒಪ್ಪಂದವೂ ಇರುವುದರಿಂದ, ಬಹುಪಾಲು ಕಡೆ ಬೇಲಿ ನಮ್ಮ ನೆಲದ ಒಳಗೇ ನಿಂತಿದೆ. ಬೇಲಿಯ ಆಚೆಗೆ ಉಳಿದ ಹೊಲಗಳು ನಮ್ಮ ರೈತರವೇ. ಅವರು ಬೆಳಿಗ್ಗೆ ಗೇಟಿನಲ್ಲಿ ಗುರುತಿನ ಚೀಟಿ ಕೊಟ್ಟು ಹೋಗಿ, ಗೇಟು ಮುಚ್ಚುವುದರೊಳಗೆ ಮರಳಬೇಕು. ಬದು ಒಡೆದು ನೀರು ಪೋಲಾಗುತ್ತಿದ್ದರೂ ರಾತ್ರಿ ಹೋಗಿ ಕಟ್ಟುವಂತಿಲ್ಲ ಎಂದರೆ ಏನೆಂದು ನಾಲೆ ನೀರಿನ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಅಮೆರಿಕದ ಗೋಡೆ. ಅದು ಏನೂ ಮಾಡಲಿಲ್ಲವೆಂದರೆ ಸುಳ್ಳಾಗುತ್ತದೆ. 1990ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ವಲಯವೊಂದರಲ್ಲೇ ವರ್ಷಕ್ಕೆ 5 ಲಕ್ಷಕ್ಕೂ ಹೆಚ್ಚು ಬಂಧನಗಳಾಗುತ್ತಿದ್ದವು. 1994ರಿಂದ ಅಲ್ಲಿ ಬೇಲಿ, ದೀಪ, ಕಾವಲು ಬಿಗಿಯಾದ ಮೇಲೆ, 2000ದ ಹೊತ್ತಿಗೆ ಆ ಸಂಖ್ಯೆ ಒಂದೂವರೆ ಲಕ್ಷದಷ್ಟಕ್ಕೆ ಇಳಿಯಿತು. ಆದರೆ ಅದೇ 2000ದಲ್ಲಿ ಪಕ್ಕದ ಅರಿಜೋನಾ ಮರುಭೂಮಿಯ ಟೂಸಾನ್ ವಲಯದಲ್ಲಿ 6 ಲಕ್ಷಕ್ಕೂ ಹೆಚ್ಚು ಜನ ಸಿಕ್ಕಿಬಿದ್ದರು. ಜನ ನಿಲ್ಲಲಿಲ್ಲ, ದಾರಿ ಬದಲಿಸಿದರು. ಆ ದಾರಿಯಲ್ಲಿ ನೀರಿಲ್ಲದೆ ಸತ್ತವರ ಮೂಳೆಗಳು ಇಂದಿಗೂ ಸಿಗುತ್ತಿವೆ. ಇತ್ತೀಚಿನ ಲೆಕ್ಕವನ್ನೂ ನೋಡಿ. 2023ರ ಆರ್ಥಿಕ ವರ್ಷದಲ್ಲಿ ಆ ದಕ್ಷಿಣ ಗಡಿಯಲ್ಲಿ ಗಡಿಪಡೆಯ ಕೈಗೆ ಸಿಕ್ಕ ಪ್ರಕರಣಗಳು 20 ಲಕ್ಷ ದಾಟಿದ್ದರೆ, 2025ರಲ್ಲಿ ಎರಡೂವರೆ ಲಕ್ಷದೊಳಗೆ ಇಳಿದವು. ಎರಡೂ ವರ್ಷ ಅಲ್ಲಿದ್ದ ಗೋಡೆ ಬಹುಮಟ್ಟಿಗೆ ಒಂದೇ. ಬದಲಾದದ್ದು ಆಶ್ರಯ ಕೋರುವವರ ಕುರಿತ ನಿಯಮ, ಮೆಕ್ಸಿಕೊ ತನ್ನ ಕಡೆಯಿಂದ ಹಾಕಿದ ತಡೆ ಮತ್ತು ಸಿಕ್ಕಿಬಿದ್ದರೆ ಏನಾಗುತ್ತದೆ ಎಂಬ ಭಯ. ಆ ನಿಯಮ ನ್ಯಾಯವೋ ಅನ್ಯಾಯವೋ ಎಂಬುದು ಬೇರೆಯೇ ಚರ್ಚೆ. ಅಂಕಿ ಇಳಿಸಿದ್ದು ಗೋಡೆಯಲ್ಲ ಎಂಬುದಷ್ಟೇ ಇಲ್ಲಿ ನನ್ನ ಮಾತು.

ಗೋಡೆಗೆ ಇನ್ನೊಂದು ಗುಣವಿದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಬರುವವರನ್ನು ತಡೆಯುವಂತೆ ಹೋಗುವವರನ್ನೂ ತಡೆಯುತ್ತದೆ. ಮೊದಲು ಮೆಕ್ಸಿಕೊದ ಗಂಡಸರು ಸುಗ್ಗಿಗೆ ಬಂದು ದುಡಿದು ಊರಿಗೆ ಮರಳುತ್ತಿದ್ದರು. ದಾಟುವುದು ದುಬಾರಿಯೂ ಅಪಾಯಕರವೂ ಆದ ಮೇಲೆ, ಒಮ್ಮೆ ಒಳಬಂದವರು ಮರಳುವ ಯೋಚನೆ ಬಿಟ್ಟು ಹೆಂಡತಿ ಮಕ್ಕಳನ್ನೂ ಕರೆಸಿಕೊಂಡರು ಎಂಬುದನ್ನು ಪ್ರಿನ್ಸ್‌ಟನ್‌ನ ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿ ದಶಕಗಳ ಅಧ್ಯಯನದಿಂದ ತೋರಿಸಿಕೊಟ್ಟಿದ್ದಾರೆ. ನಮ್ಮ ಗಡಿಯಲ್ಲಿಯೂ 2011ರ ಜನವರಿಯಲ್ಲಿ 15 ವರ್ಷದ ಹುಡುಗಿಯೊಬ್ಬಳು ತಂದೆಯೊಂದಿಗೆ ಬೇಲಿ ದಾಟುವಾಗ ಬಟ್ಟೆ ತಂತಿಗೆ ಸಿಕ್ಕಿ, ಗುಂಡೇಟಿಗೆ ಬಲಿಯಾದಳು. ಅವಳು ಭಾರತದೊಳಕ್ಕೆ ಬರುತ್ತಿರಲಿಲ್ಲ, ಮದುವೆಗೆಂದು ಬಾಂಗ್ಲಾದೇಶಕ್ಕೆ ಮರಳುತ್ತಿದ್ದಳು.

ಕೋಟೆಯ ಮಾತನ್ನು ನೀವೇ ತೆಗೆದಿರಿ. ಓಬವ್ವನ ಕಿಂಡಿಯ ಕಥೆ ನಮಗೆಲ್ಲ ಬಾಯಿಪಾಠ. ಮುಂದಿನ ಸಲ ಕೋಟೆ ಹತ್ತುವಾಗ ಕಿಂಡಿಯ ಜೊತೆಗೆ ಬಾಗಿಲುಗಳನ್ನೂ ನಿಂತು ನೋಡಿ. ದಾರಿ ಬಾಗಿಲಿನಿಂದ ಬಾಗಿಲಿಗೆ ತಿರುಗಿ ತಿರುಗಿ ಹೋಗುತ್ತದೆ, ಬಂದವನು ಪ್ರತಿ ತಿರುವಿನಲ್ಲೂ ಕಾವಲಿನವನ ಕಣ್ಣಿಗೆ ಬೀಳುತ್ತಾನೆ. ದವಸ, ಎಣ್ಣೆ, ವ್ಯಾಪಾರಿ, ಕೂಲಿ ಎಲ್ಲವೂ ಒಳಬರಬೇಕಿದ್ದುದರಿಂದ ನಾಯಕರ ಕಾಲದವರು ಗೋಡೆಗೆ ಹಾಕಿದಷ್ಟೇ ತಲೆಯನ್ನು ಬಾಗಿಲಿಗೂ ಹಾಕಿದ್ದರು. ನಮ್ಮ ಗಡಿಯಲ್ಲಿ ಇಲ್ಲದಿರುವುದು ಅದೇ. ವಿದೇಶಿಯರಿಗೆ ಭಾರತದಲ್ಲಿ ಉದ್ಯೋಗ ವೀಸಾ ಸಿಗಬೇಕಾದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ವರ್ಷಕ್ಕೆ 16.25 ಲಕ್ಷ ರೂಪಾಯಿ ಸಂಬಳವಿರಬೇಕು. ಬಾಂಗ್ಲಾದೇಶದ ಗಾರೆ ಕೆಲಸದವನಿಗೆ ಹೆಸರು ಬರೆಸಿ, ಆರು ತಿಂಗಳು ದುಡಿದು, ಮರಳಿ ಹೋಗುವ ಕಾನೂನಿನ ದಾರಿ ಒಂದೂ ಇಲ್ಲ. ಬೇಲಿ ಬೇಕು ಎಂದು ನಾನೂ ಹೇಳುತ್ತೇನೆ; ಬಾಗಿಲಿಲ್ಲದ ಬೇಲಿಯನ್ನು ಎಷ್ಟು ಎತ್ತರ ಮಾಡಿದರೂ ಅದು ದಲ್ಲಾಳಿಯ ದರವನ್ನಷ್ಟೇ ಏರಿಸುತ್ತದೆ.

ಪ್ರಶ್ನೆ: ನಮ್ಮ ಗದ್ದೆಯ ನಾಟಿಗೆ ಪಶ್ಚಿಮ ಬಂಗಾಳದವರ ತಂಡ ಬರುತ್ತದೆ. ಊರಿನ ಕೆಲವು ಹುಡುಗರು ‘ಇವರು ಬಾಂಗ್ಲಾದವರು, ಆಧಾರ್ ಎಲ್ಲ ನಕಲಿ’ ಎಂದು ಗಲಾಟೆ ತೆಗೆಯುತ್ತಾರೆ. ನಾನೇನು ಮಾಡಬೇಕು?
– ರೈತರು, ಮಲೇಬೆನ್ನೂರು

ಉತ್ತರ: ಕಳೆದ ಮುಂಗಾರಿನಲ್ಲಿ ನಿಮ್ಮ ಭಾಗದಲ್ಲೇ ಅಂಥದ್ದೊಂದು ತಂಡದ ಜೊತೆ ನಾನು ಅರ್ಧ ದಿನ ಬದುವಿನ ಮೇಲೆ ಕುಳಿತಿದ್ದೆ. ಗದ್ದೆಗೆ ಅಡ್ಡಲಾಗಿ ಹಗ್ಗ ಎಳೆದು, ಅದರ ಗುರುತಿಗೆ ಸರಿಯಾಗಿ ಹಿಂದೆ ಹಿಂದೆ ಸರಿಯುತ್ತಾ ಸಸಿ ಊರುವ ಅವರ ಕೈ ಚಳಕ ನೋಡುವಂಥದ್ದು. ನೀವೆಲ್ಲಿಯವರು ಎಂದು ನಾನು ಕೇಳಿದ್ದೇ ತಡ, ಒಬ್ಬ ಯುವಕ ಕೆಸರು ಕೈಯನ್ನು ಲುಂಗಿಯ ಅಂಚಿಗೆ ಒರೆಸಿಕೊಂಡು, ಪ್ಲಾಸ್ಟಿಕ್ ಕವರಿನಿಂದ ಕಾಗದಗಳನ್ನು ತೆಗೆದು ನನ್ನ ಮುಂದೆ ಹರಡಿದ. ಆಧಾರ್, ಮತದಾರರ ಚೀಟಿ, ಮುರ್ಶಿದಾಬಾದ್ ಜಿಲ್ಲೆಯ ಶಾಲೆಯೊಂದರ ವರ್ಗಾವಣೆ ಪತ್ರ. ಮಡಿಕೆಯ ಗೆರೆಯಲ್ಲಿ ಹರಿದು ಹೋಗಿದ್ದ ಆ ಪತ್ರಕ್ಕೆ ಎರಡು ಕಡೆ ಟೇಪು ಅಂಟಿಸಿದ್ದ. ನಾನು ಕಾಗದ ಕೇಳಿರಲೇ ಇಲ್ಲ. ಊರು ಕೇಳಿದರೆ ಕಾಗದ ತೋರಿಸಬೇಕು ಎಂಬುದು ಅವನಿಗೆ ರೂಢಿಯಾಗಿಬಿಟ್ಟಿತ್ತು. ಆ ದೃಶ್ಯ ನನ್ನನ್ನು ಇಂದಿಗೂ ಕಾಡುತ್ತದೆ.

ಭಾಷೆಯಿಂದ ದೇಶ ಗುರುತಿಸಲು ಹೊರಡುವವರು ನಮ್ಮದೇ ಮೊಳಕಾಲ್ಮೂರಿನ ಕಡೆ ನೋಡಲಿ. 1953ರಲ್ಲಿ ಅದರ ಪಕ್ಕದ ರಾಯದುರ್ಗ ಆಂಧ್ರಕ್ಕೆ ಸೇರಿತು. ಅಲ್ಲಿ ಇಂದಿಗೂ ಕನ್ನಡ ಮಾತನಾಡುವವರಿದ್ದಾರೆ. ಗೆರೆ ಎಳೆದ ಮಾತ್ರಕ್ಕೆ ನಾಲಿಗೆ ಬದಲಾಗುವುದಿಲ್ಲ. 1947ರಲ್ಲಿ ದೇಶ ವಿಭಜನೆಗೆಂದು ಬ್ರಿಟಿಷ್ ವಕೀಲ ರ್‍ಯಾಡ್‌ಕ್ಲಿಫ್ ಐದೇ ವಾರಗಳಲ್ಲಿ ಎಳೆದ ಗೆರೆಯ ಎರಡೂ ಬದಿಗೆ ಬಂಗಾಳಿ ಇದೆ. 2011ರ ಜನಗಣತಿಯಂತೆ ಪಶ್ಚಿಮ ಬಂಗಾಳವೊಂದರಲ್ಲೇ 9 ಕೋಟಿಗೂ ಹೆಚ್ಚು ಭಾರತೀಯರಿದ್ದಾರೆ.

ಆಧಾರ್ ವಿಷಯದಲ್ಲಿ ಹುಡುಗರ ಮಾತು ಅರ್ಧ ನಿಜ. ಆಧಾರ್ ಪೌರತ್ವದ ಪುರಾವೆಯಲ್ಲ ಎಂದು 2016ರ ಆಧಾರ್ ಕಾಯ್ದೆಯೇ ಹೇಳುತ್ತದೆ. ಅದು ಇಲ್ಲಿ ವಾಸವಿರುವವರಿಗೆ ಕೊಡುವ ಗುರುತು. ಹಾಗಾದರೆ ಪೌರತ್ವಕ್ಕೆ ಪುರಾವೆ ಯಾವುದು? 1987ರ ಜುಲೈ 1ಕ್ಕೆ ಮೊದಲು ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ಅಲ್ಲಿಂದ 2004ರ ಡಿಸೆಂಬರ್‌ವರೆಗೆ ಹುಟ್ಟಿದವರ ತಂದೆ ತಾಯಿಯಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. ಆಮೇಲೆ ಹುಟ್ಟಿದವರಿಗೆ, ಇಬ್ಬರೂ ಭಾರತೀಯರಾಗಿರಬೇಕು ಅಥವಾ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಇದನ್ನು ಕಾಗದದಲ್ಲಿ ತೋರಿಸಿ ಎಂದರೆ ನಮ್ಮಲ್ಲಿ ಎಷ್ಟು ಮನೆಗಳವರು ತೋರಿಸಬಲ್ಲರು? ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡ ಜೂನ್ 1 ಎಂಬ ಜನ್ಮದಿನ ದಾವಣಗೆರೆ ಜಿಲ್ಲೆಯ ಪ್ರತಿ ಊರಿನಲ್ಲೂ ಹತ್ತಾರು ಜನರಿಗಿದೆ. ಶಾಲೆಯ ಮೆಟ್ಟಿಲನ್ನೇ ಹತ್ತದ ನಮ್ಮ ಅಜ್ಜಿಯರಿಗೆ ಅದೂ ಇಲ್ಲ.

ಅನುಮಾನದ ಮೇಲೆ ಅವಸರ ಮಾಡಿದರೆ ಏನಾಗುತ್ತದೆಂಬುದಕ್ಕೆ ಉದಾಹರಣೆಗಳು ಕಣ್ಣ ಮುಂದಿವೆ. ಸೇನೆಯಲ್ಲಿ 30 ವರ್ಷ ದುಡಿದು ನಿವೃತ್ತರಾದವರೊಬ್ಬರನ್ನು 2019ರಲ್ಲಿ ಅಸ್ಸಾಮಿನಲ್ಲಿ ವಿದೇಶಿಯೆಂದು ಘೋಷಿಸಿ ಬಂಧನ ಕೇಂದ್ರಕ್ಕೆ ಕಳಿಸಲಾಯಿತು; ಗುವಾಹಟಿ ಹೈಕೋರ್ಟ್ ಜಾಮೀನು ಕೊಟ್ಟ ಮೇಲೆ ಅವರು ಹೊರಬಂದರು. 2025ರ ಜೂನ್‌ನಲ್ಲಿ ಪಶ್ಚಿಮ ಬಂಗಾಳದ ಬೀರಭೂಮ್ ಜಿಲ್ಲೆಯ ಗರ್ಭಿಣಿಯೊಬ್ಬರನ್ನು ದೆಹಲಿಯಲ್ಲಿ ಹಿಡಿದು ಬಾಂಗ್ಲಾದೇಶಕ್ಕೆ ದಾಟಿಸಲಾಯಿತು. ಕಲ್ಕತ್ತಾ ಹೈಕೋರ್ಟ್ ಆ ಗಡೀಪಾರನ್ನು ರದ್ದುಪಡಿಸಿತು, ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು, ಕೊನೆಗೆ ಡಿಸೆಂಬರ್‌ನಲ್ಲಿ ಆಕೆ ತನ್ನ ಪುಟ್ಟ ಮಗನೊಂದಿಗೆ ಮರಳಿದರು. ತುಂಬು ಬಸುರಿಯನ್ನು ಪರದೇಶದ ಜೈಲಿನಲ್ಲಿ ಕೂರಿಸಿ ಯಾವ ಗಡಿಯನ್ನು ನಾವು ಕಾದಂತಾಯಿತು?

ಇಷ್ಟಾಗಿಯೂ ನಕಲಿ ಕಾಗದಗಳು ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇವೆ, ಮತ್ತು ಅವನ್ನು ಮಾಡಿಕೊಡುವವರು ನಮ್ಮವರೇ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆಯ ಪ್ರಕಾರ ಪಾಸ್‌ಪೋರ್ಟ್, ವೀಸಾ ಇಲ್ಲದೆ ಒಳಬಂದವರಿಗೆ 5 ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇದೆ. ನಕಲಿ ಪಾಸ್‌ಪೋರ್ಟ್ ಅಥವಾ ಪ್ರಯಾಣದ ದಾಖಲೆ ಬಳಸಿದರೆ, ಒದಗಿಸಿದರೆ 2ರಿಂದ 7 ವರ್ಷ ಜೈಲು. ಇಷ್ಟು ಬಿಗಿಯಾದ ಕಾನೂನು ಇರುವಾಗ ಅದನ್ನು ನಡೆಸುವ ಕೆಲಸ ಪೊಲೀಸರದ್ದು, ಅರಳಿಕಟ್ಟೆಯ ಹುಡುಗರದ್ದಲ್ಲ. ನೀವು ಮಾಡಬೇಕಾದದ್ದು ಇಷ್ಟು: ಗುತ್ತಿಗೆದಾರನಿಂದ ಎಲ್ಲರ ಹೆಸರು, ಊರು, ದಾಖಲೆಯ ಪ್ರತಿ ಮತ್ತು ಅವರ ಊರಿನ ಒಂದು ಫೋನ್ ಸಂಖ್ಯೆ ಪಡೆದು, ನಾಟಿ ಶುರುವಾಗುವ ಮುನ್ನವೇ ಠಾಣೆಗೆ ಪಟ್ಟಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಗಲಾಟೆಗೆ ಬಂದವರಿಗೆ ಅದನ್ನು ತೋರಿಸಿ. ಕೈ ಮಾಡಿದರೆ ದೂರು ಕೊಡಲು ಹಿಂಜರಿಯಬೇಡಿ. ನಿಮ್ಮ ಗದ್ದೆಗೆ ಇಳಿದವರ ಮೈಮೇಲಿನ ಭಾರ ನಿಮ್ಮದೂ ಹೌದು.

ಪ್ರಶ್ನೆ: ನೇಪಾಳದ ಗಡಿಗೆ ಬೇಲಿಯೇ ಇಲ್ಲವಂತೆ. ಅಲ್ಲಿಂದ ಯಾರು ಬೇಕಾದರೂ ಬರಬಹುದೇ?
– ವಿದ್ಯಾರ್ಥಿನಿ, ಹಿರಿಯೂರು

ಉತ್ತರ: ನೇಪಾಳದ ಪ್ರಜೆಗಳು ಬರಬಹುದು. 1950ರ ಒಪ್ಪಂದದಂತೆ ಎರಡೂ ದೇಶದವರು ಪರಸ್ಪರರ ನೆಲದಲ್ಲಿ ವೀಸಾ ಇಲ್ಲದೆ ವಾಸಿಸಬಹುದು, ದುಡಿಯಬಹುದು. ಆ ಗಡಿ ಸುಮಾರು 1,750 ಕಿಲೋಮೀಟರ್ ಇದೆ. ನಿಮ್ಮ ಬೀದಿಯಲ್ಲಿ ರಾತ್ರಿ ಸೀಟಿ ಊದುತ್ತಾ, ಕೋಲು ಕುಟ್ಟುತ್ತಾ ಹೋಗಿ, ತಿಂಗಳ ಮೊದಲ ವಾರ ಬಾಗಿಲಿಗೆ ಬಂದು ಹಣ ಕೇಳುವ ಗೂರ್ಖಾನನ್ನು ಯಾರಾದರೂ ಎಂದಾದರೂ ಅಕ್ರಮ ವಲಸಿಗ ಎಂದಿದ್ದುಂಟೇ? ಅವನು ದಸರೆಗೆ ಊರಿಗೆ ಹೋಗಿ ಮರಳಿ ಬರುತ್ತಾನೆ. ಮರಳುವ ದಾರಿ ತೆರೆದಿರುವವನಿಗೆ ಅಡಗಿ ಕೂರುವ ಅಗತ್ಯವಿರುವುದಿಲ್ಲ. ಎಲ್ಲ ಗಡಿಯನ್ನೂ ಹೀಗೆ ತೆರೆಯಲಾಗದು, ನಿಜ. ಆದರೆ ಗಡಿ ಎಂದರೆ ಬೇಲಿ ಇರಲೇಬೇಕೆಂಬ ನಿಯಮವೂ ಇಲ್ಲ.

ಪ್ರಶ್ನೆ: ಮಗ ಎಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಮನೆಯಲ್ಲಿದ್ದಾನೆ. ಪರಿಚಯದ ಏಜೆಂಟೊಬ್ಬ 40 ಲಕ್ಷ ಕೊಟ್ಟರೆ ಬೇರೆ ದೇಶಗಳ ಮೂಲಕ ಅಮೆರಿಕ ತಲುಪಿಸುತ್ತೇನೆ, ಅಲ್ಲಿ ಆಮೇಲೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾನೆ. ಅಡಿಕೆ ತೋಟ ಮಾರುವುದೋ ಬೇಡವೋ ತೋಚುತ್ತಿಲ್ಲ.
– ತಾಯಿ, ದಾವಣಗೆರೆ

ಉತ್ತರ: ತಾಯಿ, ತೋಟ ಮಾರಬೇಡಿ. ಮುಂಗಡವಾಗಿ ಒಂದು ರೂಪಾಯಿಯನ್ನೂ ಕೊಡಬೇಡಿ.

ಆತ ಹೇಳುವ ಆ ‘ಬೇರೆ ದೇಶಗಳ ಮೂಲಕ’ ಎಂಬ ದಾರಿಗೆ ಪಂಜಾಬಿನಲ್ಲಿ ಡಂಕಿ ಎನ್ನುತ್ತಾರೆ. ದಕ್ಷಿಣ ಅಮೆರಿಕದಲ್ಲಿ ಇಳಿಸಿ, ಕೊಲಂಬಿಯಾ ಮತ್ತು ಪನಾಮಾ ನಡುವಿನ ಡೇರಿಯನ್ ಎಂಬ ರಸ್ತೆಯೇ ಇಲ್ಲದ ಕಾಡಿನಲ್ಲಿ ನೂರು ಕಿಲೋಮೀಟರಿನಷ್ಟು ನಡೆಸಿ, ಮೆಕ್ಸಿಕೊ ಗಡಿಯವರೆಗೆ ಕೈಯಿಂದ ಕೈಗೆ ದಾಟಿಸುತ್ತಾರೆ. 2022ರ ಜನವರಿಯಲ್ಲಿ ಗುಜರಾತಿನ ಡಿಂಗುಚಾ ಗ್ರಾಮದ ಗಂಡ, ಹೆಂಡತಿ, ಇಬ್ಬರು ಮಕ್ಕಳು ಕೆನಡಾದ ಕಡೆಯಿಂದ ದಾಟಲು ಹೋಗಿ ಗಡಿಗೆ ಕೆಲವೇ ಮೀಟರ್ ದೂರದಲ್ಲಿ ಹಿಮದಲ್ಲಿ ಹೆಪ್ಪುಗಟ್ಟಿ ಸತ್ತರು. ಬದುಕಿ ತಲುಪಿದವರ ಕಥೆಯನ್ನೂ ಕೇಳಿ: 2025ರ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಅಮೃತಸರಕ್ಕೆ ತಂದು ಇಳಿಸಿತು. ದಾರಿಯುದ್ದಕ್ಕೂ ಅವರ ಕೈಗೆ ಬೇಡಿ, ಕಾಲಿಗೆ ಸರಪಳಿ. ಅವರಲ್ಲಿ ಹೊಲ ಮಾರಿ ಬಂದವರಿದ್ದರು, ಸಾಲ ಮಾಡಿ ಬಂದವರಿದ್ದರು.

‘ಆಮೇಲೆ ಎಲ್ಲ ಸರಿಹೋಗುತ್ತದೆ’ ಎಂಬುದು ಹಸಿ ಸುಳ್ಳು. 1996ರಲ್ಲಿ ಅಮೆರಿಕ ಮಾಡಿದ ಕಾನೂನಿನಂತೆ, ಅಲ್ಲಿ 180 ದಿನಕ್ಕಿಂತ ಹೆಚ್ಚು ಅಕ್ರಮವಾಗಿ ಇದ್ದು ಹೊರಬಂದವರು 3 ವರ್ಷ, ಒಂದು ವರ್ಷ ಅಥವಾ ಹೆಚ್ಚು ಇದ್ದವರು 10 ವರ್ಷ ಮರಳಿ ಪ್ರವೇಶಿಸುವಂತಿಲ್ಲ. ನಾಳೆ ನಿಮಗೆ ಹುಷಾರಿಲ್ಲವೆಂದು ಮಗ ಬಂದರೆ ಮತ್ತೆ ಹೋಗಲಾರ. ಹೋಗಲಾರೆನೆಂಬ ಭಯಕ್ಕೆ ಬರುವುದೇ ಇಲ್ಲ.

ಮಗನೊಂದಿಗೆ ಕುಳಿತು ಇದನ್ನು ಗಟ್ಟಿಯಾಗಿ ಓದಿ. ಹೊರದೇಶಕ್ಕೆ ಹೋಗಲೇಬೇಕೆಂದರೆ ಏಜೆಂಟನಿಗೆ ಕೇಂದ್ರ ಸರಕಾರದ ನೋಂದಣಿ ಇದೆಯೇ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ಅಲ್ಲಿ ಹೆಸರಿಲ್ಲದವನ ಜೊತೆ ಮಾತೇ ಬೇಡ. ಆತ ಈಗಾಗಲೇ ಮಗನ ಪಾಸ್‌ಪೋರ್ಟ್ ತೆಗೆದುಕೊಂಡಿದ್ದರೆ ಇಂದೇ ವಾಪಸು ಕೇಳಿ, ಕೊಡದಿದ್ದರೆ ನಾಳೆ ಬೆಳಿಗ್ಗೆ ಠಾಣೆಗೆ ಹೋಗಿ ಲಿಖಿತ ದೂರು ಕೊಡಿ.