ಓದುಗರ ಪ್ರಶ್ನೆ: ಪಕ್ಕದ ಬಿಲ್ಡಿಂಗಿನ ತಾಯಿ ಚುನಾವಣೆಗೆ ನಿಂತಿದ್ದಾರೆ, ನಾನೂ ಜೊತೆಗೆ ಹೋಗಲಾ?

ಪ್ರಶ್ನೆ: ನಮ್ಮದು ವಿಜಯಪುರ ಕಡೆ ಊರು. ಹನ್ನೆರಡು ವರ್ಷದಿಂದ ಪುಣೆಯ ಧಾಯರಿಯಲ್ಲಿದ್ದೇವೆ. 2026ರ ಜನವರಿ 15ರ ಪುಣೆ ಪಾಲಿಕೆ ಚುನಾವಣೆಗೆ ಪಕ್ಕದ ಬಿಲ್ಡಿಂಗಿನ ಒಬ್ಬರು ಪಕ್ಷೇತರರಾಗಿ ನಿಂತಿದ್ದಾರೆ. ಮರಾಠಿಯವರು. ನಾವೆಲ್ಲ ಅವರನ್ನು ತಾಯಿ ಅಂತಲೇ ಕರೆಯುವುದು, ಅಂದರೆ ಮರಾಠಿಯಲ್ಲಿ ಅಕ್ಕ. ನೀರಿಗೆ, ಚರಂಡಿಗೆ ಅಂತ ವಾರ್ಡ್ ಆಫೀಸಿಗೆ ಅಲೆದವರು ಅವರೇ. ಅವರ ಪರ ಮನೆ ಮನೆಗೆ ಹೋಗಬೇಕೆಂದು ನನ್ನ ಆಸೆ. ಆದರೆ ಇಲ್ಲಿನ ಕನ್ನಡ ಸಂಘದ ಪರಿಚಯದವರು, "ನಮ್ಮ ಕನ್ನಡದವರೇ ಒಬ್ಬರು ಪಕ್ಷದಿಂದ ನಿಂತಿದ್ದಾರೆ, ಅವರನ್ನು ಬಿಟ್ಟು ಅಲ್ಲಿಗೆ ಹೋಗ್ತೀಯಾ?" ಅಂತ ಬೇಜಾರು ಮಾಡಿಕೊಂಡಿದ್ದಾರೆ. ಯಜಮಾನರು, "ಪಕ್ಷೇತರರು ಗೆಲ್ಲಲ್ಲ, ಸುಮ್ನೆ ಯಾಕೆ ಎಲ್ಲರನ್ನೂ ಎದುರು ಹಾಕ್ಕೊಳ್ಳೋದು" ಅಂತಾರೆ. ಏನು ಮಾಡಲಿ ಮೇಡಂ? ನನ್ನ ದುಡ್ಡಿನಲ್ಲೇ ಕರಪತ್ರ ಮಾಡಿಸಿ ಹಂಚಬಹುದಾ?

ಉತ್ತರ: ಹೋಗಿ ತಂಗಿ, ಖಂಡಿತ ಹೋಗಿ.

ಮೊದಲು ಸಂಘದವರ ಮಾತು. ಅವರು ಹೇಳಿದ ಕನ್ನಡದವರು ಯಾವ ಜಾಗಕ್ಕೆ ನಿಂತಿದ್ದಾರೆ ಅಂತ ನೋಡಿದ್ರಾ? ಪುಣೆಯದ್ದು ಮುಂಬೈ ಹಾಗಲ್ಲ. ಅಲ್ಲಿ 227 ವಾರ್ಡು, ವಾರ್ಡಿಗೊಬ್ಬ ನಗರಸೇವಕ (ಅಂದರೆ ಪಾಲಿಕೆ ಸದಸ್ಯ), ಮತದಾರನಿಗೆ ಒಂದೇ ಮತ. ನಮ್ಮಲ್ಲಿ 41 ಪ್ರಭಾಗ, ಅಂದರೆ ಹಲವು ಸದಸ್ಯರಿರುವ ದೊಡ್ಡ ವಾರ್ಡು, 165 ಜಾಗ. ಒಂದು ಪ್ರಭಾಗದಲ್ಲಿ ಮಾತ್ರ ಐದು, ಉಳಿದ ಎಲ್ಲ ಕಡೆ ನಾಲ್ಕು ನಾಲ್ಕು. ಅ, ಬ, ಕ, ಡ ಅಂತ ನಾಲ್ಕು ಜಾಗಕ್ಕೆ ನಾಲ್ಕು ಬೇರೆ ಬೇರೆ ಪೈಪೋಟಿ, ನಿಮ್ಮ ಕೈಯಲ್ಲಿ ನಾಲ್ಕು ಮತ. ನಿಮ್ಮ ತಾಯಿ ಮಹಿಳಾ ಮೀಸಲಿನ ಜಾಗಕ್ಕೆ ನಿಂತು, ಆ ಕನ್ನಡದವರು ಸಾಮಾನ್ಯ ಜಾಗಕ್ಕೆ ನಿಂತಿದ್ದರೆ ಇಬ್ಬರಿಗೂ ಎದುರುಬದುರೇ ಇಲ್ಲ, ಇಬ್ಬರಿಗೂ ಮತ ಹಾಕಬಹುದು. ಎಷ್ಟೋ ಮನೆಗಳಲ್ಲಿ ಈ ಜಗಳ ಸುಮ್ನೆ ನಡೆಯುತ್ತಿರುತ್ತದೆ, ಯಾರೂ ಪಟ್ಟಿ ತೆಗೆದು ನೋಡಿರುವುದಿಲ್ಲ.

ಒಂದೇ ಜಾಗಕ್ಕೆ ನಿಂತಿದ್ದರೆ? ಆಗಲೂ ನಾನು ತಾಯಿಯ ಪರವೇ. ಕನ್ನಡ ಅನ್ನುವುದು ನನಗೆ ಪ್ರಾಣ, ಮೂವತ್ತು ವರ್ಷದಿಂದ ಈ ಊರಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಆದರೆ ನಲ್ಲಿಯಲ್ಲಿ ಬರುವ ನೀರಿಗೆ ಭಾಷೆ ಇಲ್ಲ. 2025ರ ಜನವರಿ ನೆನಪಿದೆ ಅಲ್ವಾ, ನಿಮ್ಮ ಸಿಂಹಗಡ ರಸ್ತೆ ಕಡೆಯೇ, ನಾಂದೇಡ್ ಗಾಂವ್, ಕಿರ್ಕಟ್‌ವಾಡಿ, ಧಾಯರಿ ಅಂತ ಒಂದರ ಹಿಂದೆ ಒಂದು ಕಡೆ ಜನ ಜಿಬಿಎಸ್ (ಗಿಲ್ಲನ್ ಬಾರೆ ಸಿಂಡ್ರೋಮ್) ಅನ್ನುವ ನರಗಳ ಕಾಯಿಲೆಯಿಂದ ಕೈಕಾಲು ಆಡದೆ ಆಸ್ಪತ್ರೆ ಸೇರಿದರು, ಅನುಮಾನ ಎಲ್ಲ ಕುಡಿಯುವ ನೀರಿನ ಮೇಲೇ ಬಂತು. ಪಾಲಿಕೆಯ ಅವಧಿ ಮುಗಿದದ್ದು 2022ರ ಮಾರ್ಚಿನಲ್ಲಿ. ಅಲ್ಲಿಂದ ಸರಕಾರ ನೇಮಿಸಿದ ಆಡಳಿತಾಧಿಕಾರಿಯ ಕೈಯಲ್ಲೇ ಎಲ್ಲ ಇತ್ತು, ಆ ದಿನಗಳಲ್ಲಿ ಹೋಗಿ ಕೇಳೋಣ ಅಂದರೆ ಪುಣೆಗೆ ಒಬ್ಬ ನಗರಸೇವಕನೂ ಇರಲಿಲ್ಲ. ಆಗ ನಿಮ್ಮ ಜೊತೆ ವಾರ್ಡ್ ಆಫೀಸಿನ ಮೆಟ್ಟಿಲು ಹತ್ತಿದವರು ಯಾರು ಅಂತ ನಿಮಗೇ ಗೊತ್ತು. ಸಂಘದವರಿಗೂ ಇದನ್ನೇ ಹೇಳಿ, ಮುಖ ಗಂಟು ಹಾಕಿಕೊಂಡು ಬೇಡ, ಕೂತು ಚಹಾ ಕುಡಿಯುತ್ತಾ ಹೇಳಿ. ಆದರೆ ಸಂಘದ ವಾಟ್ಸಾಪ್ ಗುಂಪಿನಲ್ಲಿ ಪ್ರಚಾರ ಹಾಕಬೇಡಿ. ಅವರ ಅಭ್ಯರ್ಥಿಯದ್ದೂ ಬೇಡ, ನಿಮ್ಮದೂ ಬೇಡ. ಚುನಾವಣೆ ಮುಗಿದ ಮೇಲೂ ರಾಜ್ಯೋತ್ಸವಕ್ಕೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕು.

ಈಗ ನಿಮ್ಮ ಯಜಮಾನರ ಮಾತು. ಪಕ್ಷೇತರರಿಗೆ ಇಲ್ಲಿ ಕಷ್ಟ ಅನ್ನುವುದು ನಿಜ. 2017ರಲ್ಲಿ ನಾನೂ ಹೀಗೇ ಒಬ್ಬರ ಪರ ಓಡಾಡಿದ್ದೆ. ಒಬ್ಬರು ಅಜ್ಜ ಮತ ಹಾಕಿ ಬಂದು, "ನಿಮ್ಮವರ ಚಿಹ್ನೆ ಹುಡುಕಿದೆ ಮಗಳೇ, ಸಿಗಲಿಲ್ಲ, ಹಿಂದೆ ನಿಂತವರು ಅವಸರ ಮಾಡಿದರು, ನಾಲ್ಕೂ ಕಡೆ ಗೊತ್ತಿದ್ದ ಚಿಹ್ನೆಗೇ ಒತ್ತಿಬಿಟ್ಟೆ" ಅಂದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪಕ್ಷದವರಿಗೆ ನಾಲ್ಕು ಜಾಗದಲ್ಲೂ ಒಂದೇ ಚಿಹ್ನೆ, ಜನಕ್ಕೆ ಹೇಳುವುದು ಸುಲಭ. ಪಕ್ಷೇತರರಿಗೆ ಸಿಗುವುದು ಯಾರೂ ನೋಡಿರದ ಚಿಹ್ನೆ, ಅದೂ ಒಂದೇ ಜಾಗದಲ್ಲಿ.

ಹಾಗಾಗಿ ನಿಮ್ಮ ನಿಜವಾದ ಕೆಲಸ ಇಲ್ಲಿದೆ. ತಾಯಿ ಒಳ್ಳೆಯವರು ಅಂತ ಹೇಳಿದರೆ ಸಾಲದು, ಅದು ಬೀದಿಗೆಲ್ಲ ಗೊತ್ತು. ಅವರು ಯಾವ ಅಕ್ಷರದ ಜಾಗದಲ್ಲಿದ್ದಾರೆ, ಆ ಜಾಗದ ಮತಪತ್ರದ ಬಣ್ಣ ಯಾವುದು, ಅದರಲ್ಲಿ ಎಷ್ಟನೇ ಹೆಸರು, ಚಿಹ್ನೆ ಏನು, ಈ ನಾಲ್ಕನ್ನೇ ಮತ್ತೆ ಮತ್ತೆ ಹೇಳಿ. ವಯಸ್ಸಾದವರಿಗೆ ಕಾಗದದ ಮೇಲೆ ಯಂತ್ರದ ಚಿತ್ರ ಬರೆದು ಬೆರಳಿಟ್ಟು ತೋರಿಸಿ. ಒಂದೇ ಗುಂಡಿ ಒತ್ತಿ ಹೊರಗೆ ಬರುವಂತಿಲ್ಲ, ಪ್ರತಿ ಜಾಗಕ್ಕೂ ಒಂದೊಂದು ಒತ್ತಬೇಕು, ಬೇರೆ ಜಾಗದಲ್ಲಿ ಯಾರೂ ಬೇಡವಾದರೆ ಅಲ್ಲಿ ನೋಟಾ ಇದೆ, ಎಲ್ಲ ಒತ್ತಿದ ಮೇಲೇ ಬೀಪ್ ಶಬ್ದ ಬರುವುದು ಅಂತ ಹೇಳಿಕೊಡಿ. ಇಷ್ಟನ್ನು ನಿಮ್ಮ ಸೊಸೈಟಿಯ ಪ್ರತಿ ಮನೆಯ ಬಾಗಿಲಲ್ಲಿ ಐದು ನಿಮಿಷ ನಿಂತು ಹೇಳುವ ಒಬ್ಬ ಹೆಣ್ಣುಮಗಳು, ಹತ್ತು ಬ್ಯಾನರಿಗಿಂತ ಜಾಸ್ತಿ.

ಕರಪತ್ರದ ವಿಷಯದಲ್ಲಿ ಮಾತ್ರ ಅವಸರ ಬೇಡ. ಅಭ್ಯರ್ಥಿಯಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳದೆ ಅವರ ಪರ ಸಭೆಗೆ, ಜಾಹೀರಾತಿಗೆ, ಕರಪತ್ರಕ್ಕೆ ದುಡ್ಡು ಹಾಕುವುದು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 176ನೇ ಕಲಮು, 10,000 ರೂಪಾಯಿವರೆಗೆ ದಂಡ. ಪ್ರೀತಿಯಿಂದ ಮಾಡಿದೆ ಅಂದರೆ ಕೇಳುವವರಿಲ್ಲ, ಮೇಲಾಗಿ ತಾಯಿಯ ಖರ್ಚಿನ ಲೆಕ್ಕವೂ ಗೊಂದಲವಾಗುತ್ತದೆ. ಮೊದಲು ಅವರಿಂದ ಚೀಟಿ ಬರೆಸಿಕೊಳ್ಳಿ, ಮುದ್ರಕರ ಹೆಸರು ಕೆಳಗೆ ಹಾಕಿಸಿ, ಬಿಲ್ಲನ್ನು ಅವರ ಕೈಗೆ ಕೊಡಿ. ಮತದಾನದ ದಿನ ಮತಗಟ್ಟೆಯ 100 ಮೀಟರ್ ಒಳಗೆ ಅವರ ಹೆಸರೂ ಎತ್ತಬೇಡಿ.

ಇನ್ನೊಂದು, ತಾಯಿ ನಾಮಪತ್ರದ ಜೊತೆ ಕೊಟ್ಟ ಪ್ರಮಾಣಪತ್ರ (ಅಫಿಡವಿಟ್) ಓದಿದ್ದೀರಾ? ಆಸ್ತಿ, ಸಾಲ, ಕೇಸು ಎಲ್ಲ ಅದರಲ್ಲಿರುತ್ತದೆ. ಯಾರಾದರೂ ಬಾಗಿಲಲ್ಲಿ ನಿಲ್ಲಿಸಿ ಕೇಳಿದರೆ ನಿಮಗೆ ಉತ್ತರ ಗೊತ್ತಿರಬೇಕು.

ಪ್ರಶ್ನೆ: ನನ್ನ ಹೆಸರು ಕಲಬುರಗಿಯ ನಮ್ಮ ಊರಿನ ಮತದಾರರ ಪಟ್ಟಿಯಲ್ಲೂ ಇದೆ, ಪುಣೆಯಲ್ಲೂ ಇದೆ. ಎರಡೂ ಇರಲಿ ಬಿಡಿ ಅಂತಾರೆ ಅಣ್ಣ. ಸರಿನಾ?

ಉತ್ತರ: ಸರಿಯಲ್ಲ. ಒಬ್ಬರ ಹೆಸರು ಎರಡು ಕಡೆ ಇರುವುದನ್ನು ಕಾನೂನು ಒಪ್ಪುವುದಿಲ್ಲ. ಪಾಲಿಕೆಯ ಪಟ್ಟಿ ಬೇರೆಯಾಗಿ ತಯಾರಾಗುವುದಲ್ಲ, ವಿಧಾನಸಭೆಯ ಪಟ್ಟಿಯನ್ನೇ ಪ್ರಭಾಗದ ಪ್ರಕಾರ ಒಡೆದಿರುತ್ತಾರೆ. ನೀವು ಈಗ ವಾಸ ಮಾಡುವುದು ಪುಣೆಯಲ್ಲಿ, ನೀರು ಕುಡಿಯುವುದು ಇಲ್ಲಿಯದ್ದು. ಊರಿನ ಹೆಸರು ತೆಗೆಸಲು ಫಾರ್ಮ್ 7 ತುಂಬಿ ಕೊಡಿ, ಮುಂದಿನ ಸಲ ಜಾತ್ರೆಗೆ ಹೋದಾಗ ಆ ಕೆಲಸ ಮುಗಿಸಿಕೊಂಡು ಬನ್ನಿ.